ಮುಂಗೋಪಿಯ ಮಾತು

ದನಿ ಹೋಗುವುದಕ್ಕೂ ತಾರೀಕು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಡಾಕ್ಟರಮ್ಮ ಗೋಡೆಯ ಕ್ಯಾಲೆಂಡರ್ ನೋಡಿ ಸೋಮವಾರ ಎಂದರು. ಅಕ್ಕನ ಗಂಟಲಿನಲ್ಲಿ ದನಿ ಹೊರಡಿಸುವ ಎರಡು ತಂತುಗಳಲ್ಲಿ ಒಂದರ ಮೇಲೆ ಗಡ್ಡೆ ಎದ್ದಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು, ಬಂದ ಉತ್ತರ ಒಳ್ಳೆಯದಿರಲಿಲ್ಲ. ಗಡ್ಡೆಯ ಜೊತೆಗೆ ಆ ತಂತುವನ್ನೂ ತೆಗೆಯಬೇಕು, ಬೇಗ ಸಿಕ್ಕಿರುವುದರಿಂದ ಜೀವಕ್ಕೆ ಭಯವಿಲ್ಲ, ಆದರೆ ಆಮೇಲೆ ಪಿಸುಮಾತಿನಷ್ಟು ಬಂದರೆ ಅದೇ ಹೆಚ್ಚು ಎಂದು ಬಿಡಿಸಿ ಹೇಳಿದರು. ಅಕ್ಕ ತರಕಾರಿ ರೇಟು ಕೇಳಿದವಳ ಹಾಗೆ ತಲೆಯಾಡಿಸುತ್ತ ಕೂತಿದ್ದಳು. ನಾನು ಡಾಕ್ಟರಮ್ಮನ ಮೇಲೆ ರೇಗಿದೆ. ಯಾರ ಮೇಲಾದರೂ ರೇಗಲೇಬೇಕಿತ್ತು, ಎದುರಿಗೆ ಅವರಿದ್ದರು.

ನಮ್ಮಕ್ಕನ ಕಸುಬು ಕೂಗುವುದು. ಹೀಗೆಂದರೆ ಜನ ನಗುತ್ತಾರೆ. ನಮ್ಮ ಮನೆಯವಳದ್ದೂ ಅದೇ ಕಸುಬು ಎನ್ನುವ ಗಂಡಸು ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಸಿನಿಮಾದಲ್ಲಿ ನಾಯಕಿ ಮೆಟ್ಟಿಲಿನಿಂದ ಉರುಳಿದರೆ ಉರುಳುವವಳು ನಾಯಕಿ, ಚೀರುವವಳು ನಮ್ಮಕ್ಕ. ಹೆರಿಗೆ, ಬೆಂಕಿ, ಹಡಗು ಮುಳುಗುವುದು, ದೆವ್ವ ಕಾಣುವುದು, ಎಲ್ಲಕ್ಕೂ ಅವಳೇ ಬೇಕು. ಮಾತಿನ ಪಾತ್ರ ಮಾತ್ರ ಅವಳಿಗೆ ಯಾರೂ ಕೊಟ್ಟವರಲ್ಲ. ದನಿ ಗಡಸು, ನಾಯಕಿಗೆ ಒಪ್ಪುವುದಿಲ್ಲ, ನಾಯಕಿಯ ಅಮ್ಮನಿಗೂ ಒಪ್ಪುವುದಿಲ್ಲ ಎನ್ನುತ್ತಿದ್ದರು. ನಾನು ಅದೇ ಸ್ಟುಡಿಯೋದಲ್ಲಿ ಗಾಜಿನ ಈಚೆ ಕೂತು ರೆಕಾರ್ಡ್ ಮಾಡುವವಳು. ಮನೆಯಲ್ಲಿ ಅವಳು ಹೇಳಿದ್ದನ್ನು ನಾನು ಕೇಳಬೇಕು, ಸ್ಟುಡಿಯೋದಲ್ಲಿ ನಾನು ಹೇಳಿದ್ದನ್ನು ಅವಳು ಕೇಳಬೇಕು. ಗಂಡನ ಮನೆ ಬಿಟ್ಟು ಅವಳ ಎರಡು ಕೋಣೆಯ ಮನೆಗೆ ನಾನು ಪೆಟ್ಟಿಗೆ ತಂದ ದಿನದಿಂದ ನಮ್ಮಿಬ್ಬರ ಸಂಸಾರ ಹೀಗೇ ನಡೆದಿತ್ತು.

ಅವಳಿಗೆ ಹೆಸರು ತಂದದ್ದು ಒಂದು ಜಪಾನಿ ಹೊಡೆದಾಟದ ವಿಡಿಯೋ ಗೇಮ್. ಇಬ್ಬರು ಎದುರುಬದುರು ನಿಲ್ಲುತ್ತಾರೆ, ಗುದ್ದುತ್ತಾರೆ, ಒದೆಯುತ್ತಾರೆ, ಒಬ್ಬರು ಬೀಳುತ್ತಾರೆ. ಅದರಲ್ಲೊಬ್ಬ ಹೆಣ್ಣಿದ್ದಾಳೆ. ಜಪಾನಿನಲ್ಲಿ ಅವಳಿಗೆ ಮಾರುದ್ದದ ಹೆಸರು, ನಾವು ಮನೆಯಲ್ಲಿ ಇಟ್ಟದ್ದು ಮುಂಗೋಪಿ. ತನ್ನ ಊರು ಸುಟ್ಟವನನ್ನು ಸೋಲಿಸುವ ತನಕ ಮಾತಾಡುವುದಿಲ್ಲ ಎಂದು ಅವಳು ಮೊದಲ ಭಾಗದಲ್ಲೇ ಶಪಥ ಮಾಡಿದ್ದಳು. ಹಾಗಾಗಿ ಐದು ಭಾಗ ಕಳೆದರೂ ಅವಳದ್ದು ಬರೀ ಕೂಗು. ಆಟ ಮಾಡಿದವರು ಹಟಮಾರಿಗಳು, ಪ್ರತಿ ಭಾಷೆಗೂ ಕೂಗನ್ನು ಬೇರೆಯಾಗಿಯೇ ರೆಕಾರ್ಡ್ ಮಾಡಿಸುತ್ತಿದ್ದರು. ನಮ್ಮ ಭಾಷೆಯ ಮುಂಗೋಪಿ ಮೊದಲಿನಿಂದಲೂ ಅಕ್ಕನೇ. ಆಟದಲ್ಲಿ ಮುಂಗೋಪಿಗೆ ವಯಸ್ಸಾಗುತ್ತ ಬಂತು, ಇಲ್ಲಿ ಅಕ್ಕನಿಗೂ ಆಯಿತು.

ಮೊದಮೊದಲು ಅವಳು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಒಮ್ಮೆ ಕಿಟಕಿ ತೆರೆದಿಟ್ಟು ಕತ್ತು ಹಿಸುಕಿಸಿಕೊಳ್ಳುವ ಸದ್ದು ಮಾಡುತ್ತಿದ್ದಾಗ ಪಕ್ಕದ ಮನೆಯಾಕೆ ಪೊರಕೆ ಹಿಡಿದು ಓಡಿ ಬಂದರು. ಬಾಗಿಲು ತೆರೆದವಳು ನಾನು. ನನ್ನ ಮುಖ ನೋಡಿದ ಕೂಡಲೇ, ಏನೂ ಕೇಳದೆ ನನಗೇ ಎರಡು ಬಾರಿಸಿದರು. ಅಕ್ಕ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳೇ ಹೊರತು ಬಿಡಿಸಲು ಬರಲಿಲ್ಲ.

ಆರನೆಯ ಭಾಗ ಬಂದಾಗ ಇದೇ ಕೊನೆಯದು, ಇನ್ನು ಮುಂದೆ ಈ ಆಟ ಇಲ್ಲ ಎಂದರು. ಮುಂಗೋಪಿಯ ಕೂದಲು ನರೆತಿತ್ತು. ಕೊನೆಗೂ ಅವಳು ಗೆಲ್ಲುತ್ತಾಳೆ, ಗೆದ್ದು ಬಾಯಿ ತೆರೆಯುತ್ತಾಳೆ. ಬಿದ್ದ ವೈರಿಯ ಪಕ್ಕದಲ್ಲಿ ಕೂತು ಒಂದೂವರೆ ಪುಟ ಮಾತಾಡುತ್ತಾಳೆ. "ನನಗೂ ಒಂದು ಮನೆ ಇತ್ತು" ಎಂದು ಅದು ಶುರುವಾಗುತ್ತಿತ್ತು. ಅಕ್ಕನ ಇಡೀ ಆಯುಷ್ಯಕ್ಕೆ ಅದು ಮೊದಲ ಮಾತಿನ ಪಾತ್ರ. ಹಾಳೆ ಮನೆಗೆ ಬಂದ ದಿನ ಊಟದ ಮೇಜಿನ ಹತ್ತಿರ ಕೂತು ಅವಳು ಅದನ್ನು ಓದಿದಳು. ಯಾವ ನಾಟಕವೂ ಇಲ್ಲ, ಹಾಲು ಕೆಟ್ಟಿದೆ ಎಂದು ಹೇಳುವಾಗಿನ ದನಿಯೇ. ನನ್ನ ಕೈಯ ಚಮಚ ಹಾಗೇ ನಿಂತಿತು. ಮುಗಿದ ಮೇಲೆ ಹೇಗಿದೆ ಎಂದು ಕೇಳಿದಳು. ಪರವಾಗಿಲ್ಲ ಎಂದೆ. ನಮ್ಮನೆಯಲ್ಲಿ ಹೊಗಳಿಕೆಗೆ ಬರಗಾಲ.

ಆಗಲೇ ಅವಳ ದನಿ ಒಡೆಯುತ್ತಿತ್ತು. ಕೂಗಿ ಕೂಗಿ ಹಾಗಾಗಿದೆ, ರಜೆಯಲ್ಲಿ ಸರಿಹೋಗುತ್ತದೆ ಎಂದುಕೊಂಡಿದ್ದೆವು. ಸರಿಹೋಗಲಿಲ್ಲ, ಡಾಕ್ಟರಮ್ಮನ ಕ್ಯಾಲೆಂಡರಿನಲ್ಲಿ ಸೋಮವಾರವಾಯಿತು.

ಆಸ್ಪತ್ರೆಯಿಂದ ನೇರ ಸ್ಟುಡಿಯೋಗೆ ಹೋದೆವು. ಅಲ್ಲಿನ ಡೈರೆಕ್ಟರನ್ನು ನಾವು ಶಭಾಷ್ ಸರ್ ಎನ್ನುತ್ತೇವೆ, ಕೆಮ್ಮಿದರೂ ಶಭಾಷ್ ಎನ್ನುವ ಮನುಷ್ಯ. ವಿಷಯ ಕೇಳಿ ಆತ ಮೇಲಿನ ಆಫೀಸಿಗೆ ಫೋನ್ ಮಾಡಿ ಬಂದು ತಿಳಿಸಿದರು: ಸೋಮವಾರದೊಳಗೆ ಅಕ್ಕ ಎಷ್ಟು ಮಾಡುತ್ತಾಳೋ ಅಷ್ಟು ಅವಳದು, ಉಳಿದದ್ದನ್ನು ಬೇರೆಯವರಿಂದ ಮಾಡಿಸುತ್ತಾರೆ. ನಮಗಿದ್ದದ್ದು ಮೂರು ದಿನ. ಕೂಗಿಗೆ ಎರಡು ದಿನ, ಮಾತಿಗೆ ಒಂದು ದಿನ ಬೇಕು. ಕೂಗಿದರೆ ರೋಗ ಹರಡುವುದಿಲ್ಲ, ಆದರೆ ರಕ್ತನಾಳ ಒಡೆದು ದನಿ ತಾರೀಕಿಗೆ ಮೊದಲೇ ಹೋಗಬಹುದು, ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಹೋಗುವುದೇ ನಿಜವಾದರೆ ಖಾಲಿ ಮಾಡಿಯೇ ಕಳಿಸುತ್ತೇನೆ ಎಂದು ಅಕ್ಕ ಉತ್ತರ ಕೊಟ್ಟಿದ್ದಳು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಮಾತು ಮೊದಲು, ಕೂಗು ಕೊನೆಗೆ. ಕೂಗಿದ ಗಂಟಲಲ್ಲಿ ಆಮೇಲೆ ಮಾತು ಹೊರಡುವುದಿಲ್ಲ ಎಂಬುದು ಇಲ್ಲಿ ಚಹಾ ತರುವವನಿಗೂ ಗೊತ್ತು. ಹಾಗಾಗಿ ಶುಕ್ರವಾರ ಬೆಳಿಗ್ಗೆ ನಾನು ಮಾತಿಗೆಂದು ಮೈಕನ್ನು ಹತ್ತಿರ ಇಟ್ಟು ಕಾಯುತ್ತಿದ್ದೆ. ಅಕ್ಕ ಬಂದವಳೇ ಮೈಕನ್ನು ದೂರ ಸರಿಸಿದಳು. ಬಳೆ ತೆಗೆದಿಟ್ಟಳು, ಚಪ್ಪಲಿ ಬಿಟ್ಟಳು, ಹೊಟ್ಟೆಗೆ ಗುದ್ದಿಕೊಳ್ಳಲು ತರುತ್ತಿದ್ದ ದಿಂಬನ್ನು ಚೀಲದಿಂದ ಎಳೆದಳು. ನನಗೆ ಅರ್ಥವಾಗಿ ಗಾಜಿನ ಕೋಣೆಯೊಳಗೆ ನುಗ್ಗಿದೆ.

"ತಲೆ ಕೆಟ್ಟಿದ್ಯಾ ನಿಂಗೆ? ಮೊದ್ಲು ಮಾತು ಮುಗಿಸು."

"ಕೇಳು ಇಲ್ಲಿ. ಮೂವತ್ತು ವರ್ಷ ಹೊಡೆದಾಡಿದೋಳು ಕಣೇ ಅವ್ಳು. ಕೊನೇ ಹೊಡೆದಾಟ ಮುಗಿಸಿ, ಅಲ್ಲೇ ಕೂತು ಮಾತಾಡ್ತಾಳೆ. ಅವಳ ಗಂಟ್ಲು ಹೇಗಿರುತ್ತೆ? ಈಗ ನಾನು ಮಾತಾಡಿದ್ರೆ ನೆಗಡಿ ಆದವಳ ಥರ ಇರುತ್ತೆ. ಎರಡು ದಿನ ಕೂಗಿ ಆಮೇಲೆ ಮಾತಾಡಿದ್ರೆ, ಅದು ಅವಳ ದನಿ."

ಅವಳು ಹೇಳಿದ್ದು ಸರಿ. ಹಾಳಾದ್ದು, ಅದೇ ತೊಂದರೆ. ನನ್ನ ಕಿವಿಗೆ ಆ ದನಿ ಆಗಲೇ ಕೇಳಿಸಿಬಿಟ್ಟಿತು. ಸವೆದು ಹರಿದ ಗಂಟಲಿನಿಂದ ಮೆಲ್ಲಗೆ ಬರುವ "ನನಗೂ ಒಂದು ಮನೆ ಇತ್ತು". ಬೇರೆ ಯಾವ ಅಕ್ಕ ತಂಗಿಯರಾದರೂ ಆ ಹೊತ್ತಿನಲ್ಲಿ ಇಷ್ಟೇ ಯೋಚಿಸುತ್ತಿದ್ದರು: ಇರುವಷ್ಟು ದನಿಯಲ್ಲಿ ನಾಲ್ಕು ಮಾತು ಹಿಡಿದಿಟ್ಟುಕೊಳ್ಳೋಣ. ನಾವು ಒಂದು ಒಳ್ಳೆಯ ಟೇಕಿನ ಆಸೆಗೆ ಬಿದ್ದೆವು. ಆದರೂ ನಾನು ಗೋಗರೆದೆ. ಮಾತನ್ನು ಈಗೊಮ್ಮೆ ಸುಮ್ಮನೆ ತೆಗೆದಿಡೋಣ, ಚೆನ್ನಾಗಿಲ್ಲದಿದ್ದರೆ ಬಿಸಾಡೋಣ ಎಂದೆ. ಅವಳು ಒಪ್ಪಲಿಲ್ಲ. ಸುಮಾರಾದದ್ದು ಒಂದು ಇದ್ದರೆ ಮೇಲಿನವರು ಅದನ್ನೇ ಹಾಕಿ ಕೈ ತೊಳೆದುಕೊಳ್ಳುತ್ತಾರೆ, ನನ್ನದು ಇರುವುದು ಒಂದೇ ಮಾತು, ಅದನ್ನು ಸುಮಾರಾಗಿ ಆಡುವುದಿಲ್ಲ ಎಂದಳು. ಶಭಾಷ್ ಸರ್ ಕಡೆ ನೋಡಿದೆ. ಆತ ಕಣ್ಣು ಮುಚ್ಚಿ ಆ ದನಿಯನ್ನು ಕೇಳಿಸಿಕೊಳ್ಳುತ್ತಿದ್ದರು. ಅಲ್ಲಿಗೆ ಮುಗಿಯಿತು.

ಎರಡು ದಿನ ಅವಳು ಹೊಡೆಸಿಕೊಂಡಳು. ಹೊಟ್ಟೆಗೆ ಬಿದ್ದ ಏಟು ಬೇರೆ, ಪಕ್ಕೆಗೆ ಬಿದ್ದದ್ದು ಬೇರೆ. ಗಾಳಿಯಲ್ಲಿದ್ದಾಗ ಒದೆ ಬಿದ್ದರೆ ಉಸಿರು ಅರ್ಧಕ್ಕೆ ಕಟ್ಟಬೇಕು, ಗೋಡೆಗೆ ಬಡಿದರೆ ಕೂಗು ಚಪ್ಪಟೆಯಾಗಬೇಕು. ಅಕ್ಕ ದಿಂಬನ್ನು ಪಕ್ಕೆಗೊತ್ತಿ ತಾನೇ ಗುದ್ದಿಕೊಳ್ಳುತ್ತಿದ್ದಳು, ನಡುನಡುವೆ ಬಿಸಿನೀರು ಕುಡಿಯುತ್ತಿದ್ದಳು. ನಾನು ಮೀಟರಿನ ಮುಳ್ಳು ನೋಡುತ್ತಿದ್ದೆ, ಅವಳನ್ನು ನೋಡಲು ಧೈರ್ಯವಿರಲಿಲ್ಲ. ಈ ಕೆಲಸದಲ್ಲಿ ಸಾಕು, ಬಿಡಿ, ಸಾಯುತ್ತೇನೆ ಎಂಬ ಮಾತುಗಳನ್ನು ಯಾರೂ ನಿಜವೆಂದು ತೆಗೆದುಕೊಳ್ಳುವುದಿಲ್ಲ. ನಿಜವಾಗಿ ನಿಲ್ಲಿಸಬೇಕಾದರೆ ಎಡಗೈ ಎತ್ತಬೇಕು. ನಾನು ಆ ಎಡಗೈ ಏಳಲಿ ಎಂದು ಕಾಯುತ್ತಿದ್ದೆ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

ಶನಿವಾರ ಸಂಜೆಗೆ ಉಳಿದದ್ದು ಸೋಲಿನ ಕೂಗು ಒಂದೇ. ಮುಂಗೋಪಿ ಸೋತಾಗಲೆಲ್ಲ ನಿಧಾನವಾಗಿ ಬೀಳುತ್ತ ಕೂಗುವ ಉದ್ದನೆಯ ಕೂಗು. ಎರಡು ಟೇಕ್ ಆಯಿತು, ಎರಡೂ ಚೆನ್ನಾಗಿದ್ದವು. ಅಕ್ಕನೇ ಇನ್ನೊಂದು ಎಂದಳು. ಮೂರನೆಯದು ಮೊದಲು ಮೇಲಕ್ಕೆ ಹೋಯಿತು, ಅಲ್ಲಿ ನಡುವೆ ಬಟ್ಟೆ ಹರಿದ ಹಾಗೆ ಎರಡಾಯಿತು, ಆಮೇಲೆ ಒಂದು ಎಳೆ ಮಾತ್ರ ಉಳಿದು ಕೆಳಗಿಳಿದು ನಿಂತಿತು. ಇಂಥ ಕೂಗನ್ನು ನಾನು ಈ ಕುರ್ಚಿಯಲ್ಲಿ ಕೂತು ಕೇಳಿರಲೇ ಇಲ್ಲ. ಶಭಾಷ್ ಸರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಳ್ಳೆಯ ಟೇಕ್ ಬಂದರೆ ಕಲಾವಿದರಿಗೆ ಕೂಡಲೇ ಕೇಳಿಸುವುದು ರೂಢಿ. ನಾನು ಕೇಳಿಸಿದೆ. ಒಳಗೆ ದೊಡ್ಡ ಸ್ಪೀಕರಿನಲ್ಲಿ ಅದೇ ಕೂಗು ಎದ್ದಿತು. ಅಕ್ಕ ನಮ್ಮ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಕೂಗು ಮುಗಿದ ಮೇಲೂ ಅವಳ ಬಾಯಿ ಆಡುತ್ತಲೇ ಇತ್ತು, ಸದ್ದಿರಲಿಲ್ಲ. ಮೈಕು ಕೈಕೊಟ್ಟಿತೆಂದು ನಾನು ಎರಡು ಸಲ ಗುಂಡಿ ಒತ್ತಿ ನೋಡಿದೆ. ಆಗ ಅವಳು ಬಾಯಿಗೆ ಕರವಸ್ತ್ರ ಹಿಡಿದಳು, ತೆಗೆದಾಗ ಅದರಲ್ಲಿ ಕೆಂಪು ಇತ್ತು.

ಆಮೇಲೆ ನಾನು ಮಾಡಿದ್ದಕ್ಕೆಲ್ಲ ಬುದ್ಧಿಯಿರಲಿಲ್ಲ. ಡಾಕ್ಟರಮ್ಮನ ಮನೆ ಹುಡುಕಿಕೊಂಡು ಹೋಗಿ, ಒಂದು ಗಂಟೆ ದನಿ ಬರುವ ಇಂಜೆಕ್ಷನ್ ಏನಾದರೂ ಕೊಡಿ ಎಂದು ಕೈ ಮುಗಿದೆ. ಬಾಗಿಲಲ್ಲೇ ನಿಂತು ಕೇಳಿದ ಅವರು, ಅಂಥದ್ದು ಇಲ್ಲ, ಇದ್ದರೂ ಕೊಡುವುದಿಲ್ಲ ಎಂದರು. ಭಾನುವಾರ ಅಕ್ಕನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಅತಿ ಸೂಕ್ಷ್ಮದ ಮೈಕನ್ನು ಅವಳ ತುಟಿಗೆ ತಾಗುವಷ್ಟು ಹತ್ತಿರ ಇಟ್ಟೆ. ಹಾಳೆ ಹಿಡಿದು ಅವಳು ತುಟಿ ಆಡಿಸಿದಳು. ದನಿಯ ಮಟ್ಟ ಎಷ್ಟು ಏರಿಸಿದರೂ ಬಂದದ್ದು ಅವಳ ನಾಲಿಗೆಯ ಸಣ್ಣ ಟಕಟಕ, ಕಾಗದದ ಸರಸರ, ಪಕ್ಕದ ಕೋಣೆಯ ಫ್ಯಾನು. ಆ ಫ್ಯಾನು ನಿಲ್ಲಿಸಿ ಎಂದು ನಾನು ಕಿರುಚಿದೆ, ನಿಲ್ಲಿಸಿದರು. ಆಗ ನನ್ನದೇ ಎದೆ ಬಡಿತ ಕೇಳಿಸಿತು, ಮಾತು ಕೇಳಿಸಲಿಲ್ಲ.

ಹಳೆಯ ದನಿಯಿಂದ ಹೊಸ ಮಾತು ಹೊಲಿದು ಕೊಡುವ ಕಂಪ್ಯೂಟರ್ ಇದೆಯಂತಲ್ಲ, ಅದನ್ನಾದರೂ ನೋಡೋಣ ಎಂದು ಶಭಾಷ್ ಸರ್ ಕಾಲು ಹಿಡಿಯುವುದೊಂದು ಬಾಕಿ. ಆತ ಎಲ್ಲಿಂದಲೋ ಒಬ್ಬರನ್ನು ಕರೆಸಿದರು. ಬಂದವರು, ಇವರ ಮಾತಿನ ರೆಕಾರ್ಡ್ ಕೊಡಿ ಎಂದರು. ನಮ್ಮ ಹತ್ತಿರ ಇದ್ದದ್ದು ಕೂಗು. ಕೂಗು ಕಲಿತ ಯಂತ್ರ ಆ ಒಂದೂವರೆ ಪುಟವನ್ನು ಸಿಟ್ಟುಬಂದ ಗಿಣಿಯ ಹಾಗೆ ಒದರಿತು. ನನ್ನ ಫೋನಿನಲ್ಲಿ ಅಕ್ಕ ಕಳಿಸಿದ ನಾಲ್ಕಾರು ಧ್ವನಿ ಸಂದೇಶಗಳಿದ್ದವು. ಬರುತ್ತಾ ಬಲ್ಬು ತಾ, ಬೀಗದ ಕೈ ಎಲ್ಲಿ, ಇಂಥವು. ಅವೂ ಒಡೆದ ದನಿಯವೇ, ಹಿಂದೆ ಬಸ್ಸಿನ ಗದ್ದಲ. ಸಾಲದು ಎಂದರು. ಅಷ್ಟರಲ್ಲಿ ಅಕ್ಕ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ತೆರೆಯ ಮೇಲೆ ಬರೆದು ತೋರಿಸಿದಳು: ಮನೆಗೆ ಹೋಗೋಣ, ಹಸಿವಾಗಿದೆ.

ಸೋಮವಾರ ಆಪರೇಷನ್ ಆಯಿತು. ಡಾಕ್ಟರಮ್ಮ ಹೊರಗೆ ಬಂದು, ಎಲ್ಲ ಬಂತು, ಒಳಗೆ ಏನೂ ಉಳಿದಿಲ್ಲ ಎಂದರು. ಅದು ಸಂತೋಷದ ಸುದ್ದಿ. ನಾನು ಸಂತೋಷಪಡುವುದಕ್ಕೆ ಬಹಳ ಪ್ರಯತ್ನಪಟ್ಟೆ.

ಮಾತಿನ ಭಾಗವನ್ನು ಬೇರೊಬ್ಬ ಕಲಾವಿದೆ ಮಾಡಿದರು, ಧಾರಾವಾಹಿಗಳಲ್ಲಿ ಹೆಸರಾದವರು. ರೆಕಾರ್ಡ್ ಮಾಡಲು ನಾನೇ ಕೂರಬೇಕಿತ್ತು, ರಜೆ ಹಾಕಿದೆ. ಆಕೆ ಮನೆಗೆ ಫೋನ್ ಮಾಡಿ, ನಿಮ್ಮಕ್ಕನ ಕೂಗು ಕೇಳಿ ಕೇಳಿ ಅದಕ್ಕೆ ಹೊಂದುವ ಹಾಗೆ ಮಾತಾಡಿದ್ದೇನೆ, ಅವರು ಬೇಜಾರು ಮಾಡಿಕೊಳ್ಳಬಾರದು ಎಂದರು. ಆ ಸೌಜನ್ಯಕ್ಕೆ ನನ್ನ ಮೈಯೆಲ್ಲ ಉರಿಯಿತು. ಅಕ್ಕನಿಗೆ ವಿಷಯ ಹೇಳಿದರೆ ಹೆಬ್ಬೆರಳು ಎತ್ತಿ ಚೆನ್ನಾಗಾಯಿತು ಎಂದು ತೋರಿಸಿ ಬಟ್ಟೆ ಮಡಚಲು ಹೋದಳು.

ಆಟ ಬಿಡುಗಡೆಯಾದಾಗ ಶಭಾಷ್ ಸರ್ ಒಂದನ್ನು ಮನೆಗೆ ಕಳಿಸಿದರು. ಬಾಯಿ ಬಿಡಬಾರದೆಂದು ಡಾಕ್ಟರಮ್ಮ ಹೇಳಿದ್ದ ಅವಧಿ ಇನ್ನೂ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು, ನಾನು ಟಿವಿಗೆ ಆಟ ಹಾಕಿ ಕೂತೆ. ಇಷ್ಟು ವರ್ಷ ಈ ಆಟದ ಸದ್ದು ತಿಂದು ಬದುಕಿದವಳಿಗೆ ಆಡಲು ಬರುತ್ತಿರಲಿಲ್ಲ. ಮುಂಗೋಪಿಯನ್ನು ಆರಿಸಿಕೊಂಡೆ, ಕಣ್ಣು ಮಿಟುಕಿಸುವುದರೊಳಗೆ ಸೋತೆ. ತೆರೆಯ ಮೇಲೆ ನರೆಗೂದಲಿನವಳು ನಿಧಾನವಾಗಿ ಬಿದ್ದಳು, ಆ ಕೂಗು ಎದ್ದಿತು, ನಡುವೆ ಎರಡಾಯಿತು. ಅಡುಗೆಮನೆಯಲ್ಲಿ ಸದ್ದು ನಿಂತು ಮತ್ತೆ ಶುರುವಾಯಿತು. ಇದನ್ನು ಇನ್ನೊಮ್ಮೆ ಕೇಳಬಾರದೆಂದರೆ ಗೆಲ್ಲಬೇಕಿತ್ತು. ಆಟವನ್ನು ಎಷ್ಟು ಸುಲಭಕ್ಕೆ ಇಳಿಸಬಹುದೋ ಅಷ್ಟು ಇಳಿಸಿ, ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ. ಸೋತೆ, ಅದೇ ಕೂಗು. ಮತ್ತೆ ಸೋತೆ, ಮತ್ತೆ ಅದೇ.

ಹೇಗೋ ಒಮ್ಮೆ ಕೊನೆಯ ತನಕ ಗೆದ್ದೆ. ಮುಂಗೋಪಿ ವೈರಿಯ ಪಕ್ಕದಲ್ಲಿ ಕೂತು ಬಾಯಿ ತೆರೆದಳು. ಆ ಕಲಾವಿದೆಯ ದನಿ ಬಂತು. ಅಚ್ಚುಕಟ್ಟಾಗಿತ್ತು, ಎಲ್ಲೂ ತಪ್ಪಿರಲಿಲ್ಲ, ಯಾರಿಗಾದರೂ ಕಣ್ಣೀರು ಬರಬೇಕು. ನನಗೆ ಮನೆಯೊಳಗೆ ಯಾರೋ ಗುರುತಿಲ್ಲದವರು ಬಂದು ಅಕ್ಕನ ಸೀರೆ ಉಟ್ಟುಕೊಂಡ ಹಾಗಾಯಿತು. ಟಿವಿ ಒಡೆದು ಹಾಕಬೇಕೆನ್ನಿಸಿತು. ಒಡೆಯಲಿಲ್ಲ, ಆಟವನ್ನು ಮತ್ತೆ ಮೊದಲಿನಿಂದ ಶುರುಮಾಡಿದೆ.

ಈ ಸಲ ಕಂಟ್ರೋಲರನ್ನು ಚಾಪೆಯ ಮೇಲೆ ಇಟ್ಟು ಸುಮ್ಮನೆ ಕೂತೆ. ವೈರಿ ಬಂದು ಮುಂಗೋಪಿಗೆ ಬಾರಿಸತೊಡಗಿದ. ಹೊಟ್ಟೆಗೆ ಬಿದ್ದದ್ದು ಶುಕ್ರವಾರ ಬೆಳಗಿನ ಕೂಗು. ಪಕ್ಕೆಗೆ ಬಿದ್ದದ್ದು ಊಟ ಆದ ಮೇಲಿನದು, ಅದರ ತುದಿಯಲ್ಲಿ ಸಣ್ಣದೊಂದು ತೇಗು ಇತ್ತು, ಅದನ್ನು ಕತ್ತರಿಸಿದವಳು ನಾನೇ. ಒಂದೊಂದು ಏಟಿಗೂ ಅಕ್ಕ ಇದ್ದಳು. ಕೊನೆಗೆ ಆ ಉದ್ದನೆಯ ಕೂಗು ಬಂತು. ಪೂರ್ತಿ ಕೇಳಿದೆ. ಇನ್ನೊಮ್ಮೆ ಆಡುತ್ತೀಯಾ ಎಂದು ತೆರೆ ಕೇಳಿತು, ಹೂಂ ಎಂದು ಒತ್ತಿ ಮತ್ತೆ ಕೈಬಿಟ್ಟೆ.

ಎಷ್ಟು ಸಲ ಹೀಗಾಯಿತೋ, ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು. ನನಗೆ ಆಡಲು ಬರುವುದಿಲ್ಲ ಎಂದುಕೊಂಡಳೇನೋ, ಕಂಟ್ರೋಲರನ್ನು ಎತ್ತಿ ನನ್ನ ಕೈಗಿಟ್ಟು, ಏಟು ತಡೆಯುವ ಗುಂಡಿಯ ಮೇಲೆ ನನ್ನ ಹೆಬ್ಬೆರಳನ್ನು ಒತ್ತಿದಳು. ನಾನು ಬೆರಳು ತೆಗೆದೆ. ಅವಳು ಮತ್ತೆ ಇಟ್ಟಳು. ಮತ್ತೆ ತೆಗೆದೆ. ಅವಳು ನನ್ನ ಮುಖ ನೋಡಿದಳು.

"ಗೆದ್ರೆ ಕೊನೇಲಿ ನೀನು ಇರಲ್ಲ ಅಕ್ಕ," ಎಂದೆ. "ಸೋತ್ರೆ ಮಾತ್ರ ಇರ್ತೀಯ."

ತೆರೆಯ ಮೇಲೆ ಮುಂಗೋಪಿ ಬೀಳತೊಡಗಿದಳು. ಅಕ್ಕ ಎದ್ದು ಹೋಗಿ ಟಿವಿಯ ದನಿಯನ್ನು ಪೂರ್ತಿ ಅಡಗಿಸಿ ಬಂದಳು. ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರ ಎಳೆದು, ನನ್ನ ಕಿವಿಗೆ ಬಾಯಿ ಹಚ್ಚಿದಳು. ಬೇಡ, ಡಾಕ್ಟರಮ್ಮ ಬೈಯುತ್ತಾರೆ ಎಂದು ನಾನು ಕೊಸರಿದೆ, ಬಿಡಲಿಲ್ಲ. ಏನೋ ಹೇಳಿದಳು. ಒಂದೆರಡು ಮಾತಲ್ಲ, ಸುಮಾರು ಉದ್ದಕ್ಕೇ ಹೇಳಿದಳು. ಸೊಪ್ಪಿನ ಹಸಿ ವಾಸನೆಯ ಬೆಚ್ಚನೆ ಉಸಿರು ನನ್ನ ಕಿವಿಗೆ ಬಡಿಯುತ್ತಿತ್ತು. ನಾನು ಕಣ್ಣು ಮುಚ್ಚಿ, ಉಸಿರು ಹಿಡಿದು, ನನಗೆ ಗೊತ್ತಿರುವ ವಿದ್ಯೆಯನ್ನೆಲ್ಲ ಆ ಕಿವಿಯಲ್ಲಿಟ್ಟು ಕೇಳಿದೆ. ಒಂದು ಮಾತು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದೂ ತಿಳಿಯಲಿಲ್ಲ.

ಅವಳು ಹಿಂದಕ್ಕೆ ಸರಿದು, ಕೇಳಿಸಿತಾ ಎಂದು ಹುಬ್ಬೇರಿಸಿದಳು. ಅವಳ ಕಣ್ಣು ತುಂಬಿತ್ತು, ಮುಖ ಮಾತ್ರ ಹಗುರವಾಗಿತ್ತು.

"ಕೇಳಿಸ್ತು," ಎಂದೆ.

ಅಷ್ಟು ಸಾಕು ಎನ್ನುವ ಹಾಗೆ ನನ್ನ ಕೆನ್ನೆ ತಟ್ಟಿ ಅವಳು ಸೊಪ್ಪು ಬಿಡಿಸಲು ಎದ್ದು ಹೋದಳು. ಏನು ಹೇಳಿದಳೋ, ನನಗೆ ಗೊತ್ತಿಲ್ಲ.